ಬಟವಾಡೆ

ದೇವರ ವಾಕ್ಯವನ್ನು ದಿನದ ಬದುಕಿಗೆ ಅನ್ವಯಿಸಿಕೊಳ್ಳಿ ಎಂಬುದು ನಮ್ಮ ಸಭೆಗಳಲ್ಲಿ ಪ್ರಸಂಗದ ಕೊನೆಗೆ ತಪ್ಪದೆ ಬರುವ ಮಾತು. ಕ್ಷಮಿಸಿ, ತಾಳ್ಮೆಯಿಂದಿರಿ, ನೆರೆಯವರನ್ನು ಪ್ರೀತಿಸಿ ಎಂದರೆ ಒಪ್ಪದವರಿಲ್ಲ. ತೊಡಕು ಶುರುವಾಗುವುದು ಆ ವಾಕ್ಯಕ್ಕೆ ಒಂದು ಹೊತ್ತು, ಒಂದು ಮೊತ್ತ ಅಂಟಿಕೊಂಡಾಗ. ಅಂಥದೊಂದು ವಾಕ್ಯ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಕೂಲಿಯವನಿಗೆ ಕೊಡಬೇಕಾದ ಕೂಲಿ ಮರುದಿನದ ಬೆಳಗಿನವರೆಗೆ ನಿನ್ನ ಬಳಿ ಉಳಿಯಬಾರದು ಎಂಬುದು ಅದರ ಸಾರ. ಬಹಳ ವರ್ಷಗಳಿಂದ ದುಬೈಯಲ್ಲಿರುವ ನನಗೆ, ಕೊಲ್ಲಿಯಲ್ಲಿ ಬದುಕುವ ಕ್ರೈಸ್ತರಿಗೆ ಇದಕ್ಕಿಂತ ಹತ್ತಿರದ ವಾಕ್ಯ ಇನ್ನೊಂದಿಲ್ಲ ಎನ್ನಿಸುತ್ತದೆ. ಆದರೆ ಇದರ ಮೇಲೆ ಪ್ರಸಂಗ ಕೇಳಿದ್ದು ತೀರಾ ಕಡಿಮೆ.

ಈ ಮಾತು 13ನೆಯ ವಚನದಲ್ಲಿದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ, ನಮಗೆಲ್ಲ ಬಾಯಿಪಾಠವಾದ ಆಜ್ಞೆ ಬರುವುದು 18ರಲ್ಲಿ. ನಡುವೆ ಇರುವುದು ಕಿವುಡರ, ಕುರುಡರ, ನ್ಯಾಯತೀರ್ಪಿನ, ಚಾಡಿಮಾತಿನ ವಿಚಾರ. ಅಂದರೆ ಅಲ್ಲಿ ಪ್ರೀತಿ ಎಂಬುದು ಬರಿಯ ಭಾವನೆಯಲ್ಲ, ಮೇಲೆ ಒಂದೊಂದಾಗಿ ಬರೆದ ಬಾಬತ್ತುಗಳನ್ನೆಲ್ಲ ಕೂಡಿದ ಮೊತ್ತ. ಅದರಲ್ಲಿ ಕೂಲಿಯ ಬಾಬತ್ತೂ ಒಂದು. ಪ್ರವಾದಿ ಯೆರೆಮೀಯನು ತನ್ನ 22ನೆಯ ಅಧ್ಯಾಯದಲ್ಲಿ, ಜನರನ್ನು ಬಿಟ್ಟಿ ದುಡಿಸಿಕೊಂಡು ದೇವದಾರು ಮರದ ಅರಮನೆ ಕಟ್ಟಿಸಿದ ಅರಸನನ್ನು ಖಂಡಿಸುತ್ತಾನೆ. ಕೂಲಿ ಸಿಗದ ಆ ಕೆಲಸಗಾರನನ್ನು ಅವನು ಆಳು ಎನ್ನುವುದಿಲ್ಲ, ನೆರೆಯವನು ಎನ್ನುತ್ತಾನೆ.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಇದೇ ನಿಯಮಕ್ಕೆ ಕಾರಣವನ್ನೂ ಕೊಡುತ್ತದೆ. ಸೂರ್ಯ ಮುಳುಗುವ ಮುಂಚೆ ಕೊಡು, ಯಾಕೆಂದರೆ ಅವನು ಬಡವ, ಅವನ ಜೀವ ಅದರ ಮೇಲೇ ಇದೆ. ಈ ಕಾರಣವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಅಂಥ ಕಾರ್ಖಾನೆಗಳು ಹಲವು ಎದ್ದವು. ಅಂಥದೊಂದರಲ್ಲಿ ನನ್ನ ಅಜ್ಜ ಕೂಲಿ. ಶನಿವಾರ ಬಟವಾಡೆ. ಆ ಸಂಜೆ ಅಜ್ಜನ ದಾರಿ ಕಾಯುತ್ತಿದ್ದವಳು ಅಜ್ಜಿ ಒಬ್ಬಳೇ ಅಲ್ಲ, ಜೀನಸಿನ ಅಂಗಡಿಯವನೂ ಕಾಯುತ್ತಿದ್ದ. ಬಟವಾಡೆ ಒಂದು ವಾರ ಮುಂದೆ ಹೋದರೆ ಸಾಲದ ಪುಸ್ತಕದಲ್ಲಿ ಹೊಸ ಸಾಲು ಬರೆಯಲು ಅವನು ಒಪ್ಪುತ್ತಿರಲಿಲ್ಲವಂತೆ. ಉಳಿತಾಯ ಇದ್ದವನಿಗೆ ಏಳು ದಿನದ ತಡ ಬರೀ ತಡ. ಇಲ್ಲದವನಿಗೆ ಅದು ಬಡ್ಡಿ, ಅವಮಾನ, ಕೆಲವೊಮ್ಮೆ ಹಸಿವು. ತಡ ಎಂಬುದೂ ಒಂದು ಹೊರೆ. ಅದನ್ನು ಯಾರ ಬೆನ್ನಿಗೆ ಹೇರುತ್ತೇವೆ ಎಂಬುದೇ ಈ ವಾಕ್ಯ ನಮ್ಮ ಮುಂದಿಡುವ ನೈತಿಕ ಪ್ರಶ್ನೆ.

ಇಲ್ಲಿ ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಇದೆ. ಕಂಪನಿಗಳು ಸಂಬಳವನ್ನು ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಮೂಲಕ ಸರಕಾರದ ಕಣ್ಣಿಗೆ ಕಾಣುವಂತೆ ಕೊಡಬೇಕು. ಒಳ್ಳೆಯ ಕಾನೂನು. ಆದರೆ ನಮ್ಮ ಬಾಗಿಲಲ್ಲೇ ಮುಗಿಯುವ ಲೆಕ್ಕಗಳೂ ಇವೆ. ಬೆಳಕು ಹರಿಯುವ ಮುಂಚೆ ಬಕೆಟ್ಟು ಹಿಡಿದು ಬಂದು ಕಾರಿನ ಧೂಳು ಒರೆಸಿ ಹೋಗುವವನ ಲೆಕ್ಕ ಅಂಥದು. ತಿಂಗಳ ಕೊನೆಗೆ ಅವನು ಬೆಲ್ ಒತ್ತುತ್ತಾನೆ. ಚಿಲ್ಲರೆ ಇಲ್ಲ, ನಾಳೆ ಬಾ ಎನ್ನುವ ಮನೆಗಳು ಎಷ್ಟಿಲ್ಲ! ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ, ಬರೀ ಮರೆವು. ಆದರೆ ಅಷ್ಟು ಹಣವನ್ನು ಮರೆಯುವ ಅನುಕೂಲ ನಮಗಿದೆ, ಅವನಿಗಿಲ್ಲ. ಊರಿನಲ್ಲಿ ಮಗುವಿನ ಶಾಲೆಯ ಫೀಸಿಗೆ ಗಡುವು ಮುಗಿಯುತ್ತಿರುತ್ತದೆ.

ಕ್ರಿಸ್ಮಸ್ ಬಂದಾಗ ಅದೇ ಮನೆಯವರು ಅದೇ ಹುಡುಗನಿಗೆ ಕೇಕು, ಕುಸ್ವಾರ್, ಒಂದು ಹೊಸ ಅಂಗಿಯನ್ನೂ ಪ್ರೀತಿಯಿಂದಲೇ ಕೊಡುತ್ತಾರೆ. ತಡವಾದ ಕೂಲಿಗೆ ಈ ಉಡುಗೊರೆ ಸರಿಹೋಯಿತೇ? ಇಲ್ಲ ಎಂದೇ ನನ್ನ ಉತ್ತರ. ಲೂಕನ ಸುವಾರ್ತೆಯ ಜಕ್ಕಾಯನನ್ನು ನೋಡಿ. ಆಸ್ತಿಯಲ್ಲಿ ಅರ್ಧ ಬಡವರಿಗೆ ಎನ್ನುತ್ತಾನೆ, ಮೋಸ ಹೋದವರಿಗೆ ನಾಲ್ಕರಷ್ಟು ವಾಪಸು ಎಂದು ಬೇರೆಯಾಗಿಯೇ ಹೇಳುತ್ತಾನೆ. ದಾನದಲ್ಲಿ ಬಾಕಿ ತೀರಿತು ಎಂದುಕೊಳ್ಳಲಿಲ್ಲ. ಉಡುಗೊರೆ ಪಡೆದವನು ನನಗೆ ಋಣಿಯಾಗುತ್ತಾನೆ. ಕೂಲಿ ಪಡೆದವನು ಯಾರಿಗೂ ಋಣಿಯಲ್ಲ. ಅವನ ಹಕ್ಕನ್ನು ತಡೆದಿಟ್ಟು ಉಡುಗೊರೆ ಕೊಟ್ಟರೆ, ಅವನದೇ ದುಡ್ಡಿನಲ್ಲಿ ಅವನ ಕೃತಜ್ಞತೆಯನ್ನು ಕೊಂಡ ಹಾಗಾಗುತ್ತದೆ.

ನಾವೀಗ ಧರ್ಮಶಾಸ್ತ್ರದ ಕೆಳಗಿಲ್ಲ, ಕೃಪೆಯ ಕೆಳಗಿದ್ದೇವಲ್ಲ ಎಂದು ಕೆಲವರು ಕೇಳಬಹುದು. ಮತ್ತಾಯನ 20ನೆಯ ಅಧ್ಯಾಯ ಕೃಪೆಯ ಸಾಮ್ಯವೇ. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ಅದು ನ್ಯಾಯವೇ ಎಂದು ಮನೆ ಪ್ರಾರ್ಥನೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ಸಂಜೆಯಾದಾಗ ತೋಟದ ಯಜಮಾನ ಪಾರುಪತ್ಯಗಾರನನ್ನು ಕರೆಸಿ ಕೂಲಿ ಕೊಡಿಸಿದ ಎಂಬುದನ್ನು ಗಮನಿಸದೆ ದಾಟಿಬಿಡುತ್ತೇವೆ. ಅವನು ಮೊದಲು ಮೋಶೆಯ ನಿಯಮವನ್ನು ಹೊತ್ತಿಗೆ ಸರಿಯಾಗಿ ಪಾಲಿಸಿದ, ಅದರ ಮೇಲೆ ಉದಾರಿಯಾದ. ಕೃಪೆ ಕೂಲಿಯ ಬದಲಿಗೆ ಬರುವಂಥದಲ್ಲ, ಕೂಲಿಯ ಮೇಲೆ ಬರುವಂಥದು.

ಗುತ್ತಿಗೆದಾರರೊಬ್ಬರು ನನ್ನ ಮುಂದಿಟ್ಟ ಪ್ರಶ್ನೆ ಇದಕ್ಕಿಂತ ಕಠಿಣ. "ನನ್ನ ಬಿಲ್ಲೇ ಪಾಸಾಗಿಲ್ಲ, ನಾನೆಲ್ಲಿಂದ ತಂದು ಕೊಡಲಿ ಹೇಳಿ?" ಅವರ ಕಷ್ಟ ಸುಳ್ಳಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೆ, ಇಲ್ಲ ಎಂಬ ಸತ್ಯವನ್ನು ಕೆಲಸಗಾರರ ಎದುರು ನಿಂತು ಹೇಳುವುದು ಮೊದಲ ಕರ್ತವ್ಯ. ಆದರೆ ಸ್ವಲ್ಪ ಹಣ ಬಂದಾಗ ಅದು ಯಾವ ಕ್ರಮದಲ್ಲಿ ಹೋಗುತ್ತದೆ ನೋಡಿ. ಮೊದಲು ಬಾಡಿಗೆಯ ಚೆಕ್ಕು, ಆಮೇಲೆ ಬ್ಯಾಂಕಿನ ಕಂತು, ಕೊನೆಗೆ ಕೂಲಿ. ಹೆದರಿಸಬಲ್ಲವರಿಗೆ ಮೊದಲು, ಹೆದರಿಸಲಾರದವರಿಗೆ ಕೊನೆಗೆ. ವಾಕ್ಯ ಈ ಸರದಿಯನ್ನು ತಿರುವುಮುರುವು ಮಾಡುತ್ತದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದಲ್ಲ, ಕೂಲಿಯವನಿಗೆ ಕೂಗುವ ಧೈರ್ಯ ಇರುವುದಿಲ್ಲವಾದ್ದರಿಂದ ಎಂದು ನಾನು ತಿಳಿದಿದ್ದೇನೆ.

ಈ ದೇಶದಲ್ಲಿ ಚರ್ಚಿನ ಆವರಣದೊಳಗೆ ಆರಾಧನೆಗೆ ಅವಕಾಶವಿದೆ, ಹೊರಗೆ ಮತಪ್ರಚಾರ ಮಾಡುವಂತಿಲ್ಲ. ಆದ್ದರಿಂದ ಹೊರಗೆ ನಮ್ಮ ಸಾಕ್ಷಿ ಎಂದರೆ ನಮ್ಮ ನಡತೆ ಮಾತ್ರ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿಯವರ ಬೋಧೆಯನ್ನು ಕೇಳಿ ಬೆಳೆದ ಮುಸ್ಲಿಮರು ನಮ್ಮ ಅಕ್ಕಪಕ್ಕದಲ್ಲಿದ್ದಾರೆ. ಕಾರು ಒರೆಸುವ ಹುಡುಗನಿಗೂ ಆ ಮಾತು ಗೊತ್ತಿರಬಹುದು. ನಮ್ಮ ಸತ್ಯವೇದದಲ್ಲಿ ಏನಿದೆ ಎಂಬುದು ಅವನಿಗೆ ತಿಳಿಯುವುದು ತಿಂಗಳ ಕೊನೆಗೆ ನಾವು ಬಾಗಿಲು ತೆರೆದಾಗಲೇ.

ನಮ್ಮ ಮನೆಯಲ್ಲಿ ಸಂಬಳ ಬಂದ ದಿನವೇ ಹೆಂಡತಿ ಹೀಗೆ ಕೊಡಬೇಕಾದ ಹಣವನ್ನೆಲ್ಲ ಬೇರೆ ಬೇರೆ ಲಕೋಟೆಗೆ ಹಾಕಿ ಬಾಗಿಲ ಪಕ್ಕದ ಮೇಜಿನ ಮೇಲಿಡುತ್ತಾಳೆ. ಯಾರೂ ಕೇಳಿಕೊಂಡು ಬರುವ ಹಾಗಾಗಬಾರದು ಎಂಬುದು ಅವಳ ಹಟ. ಇದೇನೂ ದೊಡ್ಡ ಭಕ್ತಿಯಲ್ಲ, ಬರೀ ಒಂದು ಅಭ್ಯಾಸ. ಆದರೆ ವಾಕ್ಯ ಬದುಕಿಗೆ ಬರುವುದು ಹೆಚ್ಚಾಗಿ ಇಂಥ ಅಭ್ಯಾಸಗಳ ಮೂಲಕವೇ. ರಾತ್ರಿಯ ಪ್ರಾರ್ಥನೆಗೆ ಮುಂಚೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಚಿಕ್ಕದೇ: ಬೇರೆಯವರಿಗೆ ಸೇರಬೇಕಾದ ದುಡ್ಡು ಈ ರಾತ್ರಿ ನನ್ನ ಹತ್ತಿರ ಉಳಿದಿದೆಯೇ?