ಒಂದೂವರೆ ಗಂಟೆ ದಾರಿ

ಮುಂಬಯಿಯಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 715 ಕಿಲೋಮೀಟರು. ವಿಮಾನಕ್ಕೆ ಒಂದೂವರೆ ಗಂಟೆ. ಸಂಜೆ ಹೊತ್ತು ಮಾಟುಂಗದ ಕಿಂಗ್ಸ್ ಸರ್ಕಲ್‌ನಿಂದ ವಿಮಾನ ನಿಲ್ದಾಣ ಮುಟ್ಟಲಿಕ್ಕೇ ಕೆಲವೊಮ್ಮೆ ಅಷ್ಟು ಹೊತ್ತು ಬೇಕು. "ಯಾವಾಗ ಬರ್ತಿ ಮಗಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ಒಂದೂವರೆ ಗಂಟೆ ದಾರಿ ಅಮ್ಮಾ, ಯಾವಾಗ ಬೇಕಾದ್ರೂ ಬರಬಹುದು." ಹಾಗೆ ಹೇಳುತ್ತಲೇ ಹನ್ನೊಂದು ತಿಂಗಳು ಹೋಗಲಿಲ್ಲ. ಹನ್ನೆರಡನೆಯ ತಿಂಗಳು ಹೋದದ್ದು ಅವಳಿಗೆ ಕೊಳ್ಳಿ ಇಡಲಿಕ್ಕೆ.

1964ರಲ್ಲಿ ಅಜ್ಜಿ ತೀರಿಕೊಂಡಾಗ ಅಪ್ಪ ಇಲ್ಲೇ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಗಲ್ಲೆಯ ಮೇಲಿದ್ದರು. ತಂತಿ ಬಂತು. ಬಜ್ಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿತ್ತು ನಿಜ, ಆದರೆ ಹೋಟೆಲಿನವರಿಗೆ ಅದು ಕತ್ತೆತ್ತಿ ನೋಡುವ ವಸ್ತು. ನಡುವೆ ಗಾಡಿ ಬದಲಿಸಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಮನೆ ಮುಟ್ಟುವಾಗ ಮೂರನೆಯ ದಿನ. ಬೂದಿ ಆರಿತ್ತು. ಅವರಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ದೂರವೇ ಅವರ ಪರವಾಗಿ ಸಾಕ್ಷಿ ಹೇಳಿತ್ತು.

ನನಗೆ ಆ ಸಾಕ್ಷಿ ಇಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರು ಒಂದು ರಾತ್ರಿಯ ನಿದ್ದೆಯಷ್ಟು ಹತ್ತಿರವಾಯಿತು. ಆಮೇಲೆ ವಿಮಾನದ ಟಿಕೇಟೂ ನಮ್ಮಂಥವರ ಕೈಗೆಟುಕಿತು. ಅಪ್ಪನಿಗೆ "ಆಗದ್ದು" ಆಗಿದ್ದದ್ದು ನನಗೆ "ಮಾಡದ್ದು" ಆಯಿತು. ಅಜ್ಜಿಯ ಹೆಣ ಮಗನಿಗಾಗಿ ಕಾಯಲಿಲ್ಲ. ಅಮ್ಮನದನ್ನು ಮಧ್ಯಾಹ್ನದವರೆಗೆ ಇಟ್ಟುಕೊಂಡರು, ವಿಮಾನದಲ್ಲಿ ಬರ್ತಾನಲ್ಲ ಎಂದು. ಬದುಕಿದ್ದಾಗ ಕಾಯಿಸಿದ್ದು ಸಾಲದೇ ಹೋಯಿತೇನೋ.

ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮ ಮುಗಿಸಿ ಕಾಫಿಗೆ ಕೂತಾಗ ಗೆಳೆಯರೊಬ್ಬರು ಸಮಾಧಾನ ಹೇಳಿದರು. ಹೊಟ್ಟೆಪಾಡೂ ಒಂದು ದೂರವೇ ಮಾರಾಯ್ರೆ, ರಜೆ, ದುಡ್ಡು, ಮಕ್ಕಳ ಪರೀಕ್ಷೆ, ಇವನ್ನು ವಿಮಾನ ಹಾರಿ ದಾಟುವುದಿಲ್ಲ ಅಂದರು. ನಮಗೆ ಕಾಫಿ ತಂದಿಟ್ಟ ಹುಡುಗನ ಮಟ್ಟಿಗೆ ಆ ಮಾತು ಸರಿ. ಅವನಿಗೆ ಊರು ಇನ್ನೂ 1964ರಷ್ಟೇ ದೂರ. ನನಗೆ ರಜೆಯಿತ್ತು, ದುಡ್ಡೂ ಇತ್ತು. ಯಾವಾಗ ಬೇಕಾದರೂ ಹೋಗಬಹುದು ಎಂಬ ಧೈರ್ಯವೇ ನನ್ನನ್ನು ಇಲ್ಲಿ ಕೂರಿಸಿತು. ವರ್ಷಕ್ಕೊಮ್ಮೆ ಮಾತ್ರ ಹೋಗಲಾಗುತ್ತಿದ್ದ ಅಪ್ಪ ಆ ಒಂದು ಸಲವನ್ನು ತಪ್ಪಿಸಿದವರಲ್ಲ.

"ನೀವು ಹೋಗಿದ್ರೆ ಅವರು ಉಳೀತಿದ್ರಾ?" ಎಂದು ಹೆಂಡತಿ ಕೇಳುತ್ತಾಳೆ. ಇಲ್ಲ. ಆದರೆ ಅಮ್ಮ ಉಳಿಸು ಅಂತ ಕೇಳಿದ್ದಲ್ಲ, ಬಾ ಅಂತ ಕೇಳಿದ್ದು.

ಈಗ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಸುಮಾರು 12,500 ಕಿಲೋಮೀಟರು. ನಡುವೆ ಎಲ್ಲೂ ಇಳಿಯದ ವಿಮಾನ ಸಿಕ್ಕರೆ ಇಲ್ಲಿಂದ ಅಲ್ಲಿಗೆ ಹದಿನಾರು ಗಂಟೆಯ ಆಸುಪಾಸು; ಅಲ್ಲಿಂದ ಇಲ್ಲಿಗೆ ಒಂದೆರಡು ಗಂಟೆ ಕಡಿಮೆ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಊರಿಗೆ ಬರುವವನಿಗೆ ಬೆನ್ನಿಗೆ ಗಾಳಿ. ಕಳೆದ ತಿಂಗಳು ನನ್ನ ಆಸ್ಪತ್ರೆಯ ವಿಷಯ ಕೇಳಿ ಅವನಂದ: "ಒಂದು ದಿನದ ದಾರಿ ಅಷ್ಟೇ ಅಲ್ವಾ ಅಪ್ಪಾ, ಬೇಕಾದಾಗ ಬಂದುಬಿಡ್ತೇನೆ."

ಆ "ಬೇಕಾದಾಗ" ನನ್ನದೇ ದನಿಯಲ್ಲಿ ಕೇಳಿಸಿತು. ಅವನ ರಜೆ ಹಾಳುಮಾಡಲಿಕ್ಕೆ ನಾನ್ಯಾರು ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, ಟಿಕೇಟು ಯಾವ ತಿಂಗಳು ಕಡಿಮೆ ಇರುತ್ತದೆ ಎಂದು ಕೇಳಿದೆ.