ಯಾರ ಸ್ವಭಾವಕ್ಕೆ ಯಾವ ಯೋಗ?

ಕರ್ಮ, ಭಕ್ತಿ, ಜ್ಞಾನ, ರಾಜ ಎಂಬ ನಾಲ್ಕು ಹೆಸರುಗಳನ್ನು ಶಾಲೆಯ ಭಾಷಣ ಸ್ಪರ್ಧೆಗಾಗಿ ಒಮ್ಮೆಯಾದರೂ ಬಾಯಿಪಾಠ ಮಾಡದವರು ನಮ್ಮಲ್ಲಿ ಕಡಿಮೆ. ದುಡಿಯುವ ಸ್ವಭಾವದವರಿಗೆ ಕರ್ಮಯೋಗ, ಭಾವುಕರಿಗೆ ಭಕ್ತಿ, ವಿಚಾರ ಮಾಡುವವರಿಗೆ ಜ್ಞಾನ, ತಮ್ಮ ಮನಸ್ಸನ್ನೇ ಪರೀಕ್ಷೆಗೆ ಒಡ್ಡಿಕೊಳ್ಳುವವರಿಗೆ ರಾಜಯೋಗ. ವಿವೇಕಾನಂದರು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕೇಳುಗರ ಮುಂದಿಟ್ಟ ಈ ಹಂಚಿಕೆ ಈಗ ಮೊಬೈಲಿಗೂ ಇಳಿದಿದೆ. 20 ಪ್ರಶ್ನೆಗಳಿಗೆ ಟಿಕ್ ಹಾಕಿದರೆ ನಿಮಗೆ ಒಗ್ಗುವ ಯೋಗ ಯಾವುದೆಂದು ಅದೇ ಹೇಳುತ್ತದೆ. ಹಾಸ್ಟೆಲಿನಲ್ಲಿ ನಾವು ಐದಾರು ಸಂಶೋಧನಾ ವಿದ್ಯಾರ್ಥಿಗಳು ಒಂದು ಸಂಜೆ ಇಂಥದ್ದೊಂದನ್ನು ತುಂಬಿದೆವು. ಎಲ್ಲರಿಗೂ ಜ್ಞಾನಯೋಗವೇ ಬಂತು. ಬರದೆ ಇನ್ನೇನು? ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ, ಫೆಲೋಶಿಪ್ಪಿನಲ್ಲಿ ಬದುಕುವವರು ‘ಓದುತ್ತೇವೆ’ ಎನ್ನದೆ ಮತ್ತೇನು ಹೇಳಿಯಾರು!

ಎಲ್ಲರಿಗೂ ಖುಷಿಯಾಗಿತ್ತು. ನನ್ನ ಅನುಮಾನ ಶುರುವಾಗಿದ್ದು ಆ ಖುಷಿಯಿಂದಲೇ. ಸ್ವಭಾವಕ್ಕೆ ತಕ್ಕ ಸಾಧನೆ ಎಂದರೆ ಸ್ವಭಾವಕ್ಕೆ ಹಿತವಾಗುವುದೋ ಅಥವಾ ಅದನ್ನು ತಿದ್ದುವುದೋ? ಸಕ್ಕರೆ ಕಾಯಿಲೆಯವರಿಗೆ ತಕ್ಕ ಊಟ ಎಂದಾಗ ಅವರಿಗೆ ಪ್ರಿಯವಾದ ಊಟ ಎಂದು ಯಾರೂ ತಿಳಿಯುವುದಿಲ್ಲ. ಯೋಗದ ವಿಷಯದಲ್ಲಿ ಮಾತ್ರ ‘ತಕ್ಕದ್ದು’ ಎಂಬ ಮಾತು ‘ಇಷ್ಟವಾದದ್ದು’ ಎಂಬ ಅರ್ಥಕ್ಕೆ ಜಾರಿಬಿಟ್ಟಿದೆ.

ಈ ಪ್ರಶ್ನೆಯನ್ನು ನನಗೆ ಗೊತ್ತಿರುವ ಮಟ್ಟಿಗೆ ಅತ್ಯಂತ ತಾಳ್ಮೆಯಿಂದ ಬಿಡಿಸಿ ನೋಡಿದವನು 5ನೇ ಶತಮಾನದ ಬೌದ್ಧ ಆಚಾರ್ಯ ಬುದ್ಧಘೋಷ. ಶ್ರೀಲಂಕೆಯಲ್ಲಿ ಕುಳಿತು ಪಾಲಿ ಭಾಷೆಯಲ್ಲಿ ಬರೆದ ‘ವಿಸುದ್ಧಿಮಗ್ಗ’ದಲ್ಲಿ ಅವನು ಸಾಧಕನನ್ನು ಯೋಗಾವಚರ ಎಂದೇ ಕರೆಯುತ್ತಾನೆ. ಅವನ ಪ್ರಕಾರ ಸ್ವಭಾವಗಳು ಆರು: ರಾಗ, ದ್ವೇಷ, ಮೋಹ, ಶ್ರದ್ಧೆ, ಬುದ್ಧಿ, ವಿತರ್ಕ. ಧ್ಯಾನದ ವಿಷಯಗಳು 40. ಯಾರಿಗೆ ಯಾವುದು ಎಂದು ನಿರ್ಧರಿಸುವ ಮೊದಲು ಆ ಮನುಷ್ಯನ ಸ್ವಭಾವ ಗೊತ್ತಾಗಬೇಕಲ್ಲ, ಅದಕ್ಕೆ ಅವನು ಹೇಳುವ ದಾರಿ ನನಗೆ ಬಹಳ ಇಷ್ಟ. ಪ್ರಶ್ನೆ ಕೇಳುವುದಲ್ಲ, ನೋಡುವುದು. ಹೇಗೆ ನಡೆಯುತ್ತಾನೆ, ಹೇಗೆ ಮಲಗುತ್ತಾನೆ, ಹೇಗೆ ಉಣ್ಣುತ್ತಾನೆ, ಹೇಗೆ ಕಸ ಗುಡಿಸುತ್ತಾನೆ. ರಾಗ ಹೆಚ್ಚಿರುವವನು ಪೊರಕೆಯನ್ನು ಹದವಾಗಿ ಹಿಡಿದು, ಅವಸರವಿಲ್ಲದೆ, ಅಂಗಳ ಒಂದೇ ಸಮ ಕಾಣುವಂತೆ ಗುಡಿಸುತ್ತಾನೆ. ದ್ವೇಷದ ಸ್ವಭಾವದವನು ಪೊರಕೆಯನ್ನು ಬಿಗಿಯಾಗಿ ಹಿಡಿದು ಎರಡೂ ಕಡೆ ಮಣ್ಣು ಎರಚುತ್ತ ಕರಕರ ಸದ್ದು ಮಾಡುತ್ತಾನೆ. ಮೋಹದವನ ಪೊರಕೆ ಕೈಯಲ್ಲಿ ಸಡಿಲ. ಕಸ ಅತ್ತಿತ್ತ ಹೊರಳುತ್ತದೆಯೇ ಹೊರತು ನೆಲ ಚೊಕ್ಕಟವಾಗುವುದಿಲ್ಲ.

ಹೀಗೆ ಕಂಡುಹಿಡಿದ ಮೇಲೆ ಕೊಡುವುದೇನು? ಚೆಂದದ್ದರ ಕಡೆ ವಾಲುವವನಿಗೆ ಶವದ ಧ್ಯಾನ, ದೇಹದ ಅಶುಚಿಯ ಧ್ಯಾನ. ವಾಸಕ್ಕೆ ಕೊಳಕು ಗುಡಿಸಲು, ಉಣ್ಣಲು ಅಂದಗೇಡಿ ಭಿಕ್ಷಾಪಾತ್ರೆ. ಸಿಡುಕಿನವನಿಗಾದರೋ ನೆರಳು, ನೀರು ಇರುವ ಅಚ್ಚುಕಟ್ಟಾದ ಮನೆ, ರುಚಿಯಾದ ಊಟ, ಮೈತ್ರಿಯ ಧ್ಯಾನ. ತಲೆಯಲ್ಲಿ ಯೋಚನೆ ನಿಲ್ಲದವನಿಗೆ ಉಸಿರನ್ನು ಗಮನಿಸುವ ಕೆಲಸ. ನಮ್ಮ ಹಾಸ್ಟೆಲಿನ ಐದಾರು ಮಂದಿಯೂ ಈ ಕೊನೆಯ ಸಾಲಿಗೆ ಸೇರಬೇಕಾದವರು. ಮೊಬೈಲು ಇನ್ನಷ್ಟು ವಿಚಾರ ಮಾಡಿ ಎಂದಿತು. ಬುದ್ಧಘೋಷನಾಗಿದ್ದರೆ ಪುಸ್ತಕ ಮುಚ್ಚಿ ಮೂಗಿನ ತುದಿಯ ಉಸಿರು ನೋಡಿ ಎನ್ನುತ್ತಿದ್ದ.

ಮೈಸೂರಿನಲ್ಲೂ ಈ ನೋಡುವ ಕಲೆಯ ಒಂದು ಕಥೆಯಿದೆ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದ, 1934ರಲ್ಲಿ ಕನ್ನಡದಲ್ಲಿ ‘ಯೋಗ ಮಕರಂದ’ ಬರೆದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಪಟ್ಟಾಭಿ ಜೋಯಿಸರು ಎಲ್ಲರಿಗೂ ಒಂದೇ ಆಸನಕ್ರಮ ಇಟ್ಟುಕೊಂಡು ವೇಗವನ್ನು ಮಾತ್ರ ಅವರವರಿಗೆ ಬಿಟ್ಟರು, ಬಿ.ಕೆ.ಎಸ್. ಅಯ್ಯಂಗಾರರು ಬಾಗದ ಮೈಗೆ ಹಗ್ಗ, ಕುರ್ಚಿ, ದಿಂಬು ಹುಡುಕಿದರು. ಇಬ್ಬರೂ ಓದಿದ್ದು ಈ ಹೊತ್ತಿನ ಮೊಣಕಾಲನ್ನು, ಈ ಹೊತ್ತಿನ ಉಸಿರನ್ನು. ‘ನೀನು ಇಂಥ ಜಾತಿಯ ಮನುಷ್ಯ’ ಎಂಬ ತೀರ್ಪು ಅದರಲ್ಲಿ ಬೇಕಿರಲಿಲ್ಲ.

ತೀರ್ಪು ಬಂದಾಗ ಏನಾಗುತ್ತದೆ ಎಂಬುದಕ್ಕೆ ‘ಶಿವಸಂಹಿತೆ’ ನೋಡಬೇಕು. ಅಲ್ಲಿ ಸಾಧಕರು ನಾಲ್ಕು ದರ್ಜೆಯವರು: ಮೃದು, ಮಧ್ಯ, ಅಧಿಮಾತ್ರ, ಅಧಿಮಾತ್ರತಮ. ಕ್ರಮವಾಗಿ ಮಂತ್ರಯೋಗ, ಲಯಯೋಗ, ಹಠಯೋಗ, ಕೊನೆಯವನಿಗೆ ಎಲ್ಲವೂ. ಮೃದು ಸಾಧಕನಿಗೆ ಸಿದ್ಧಿಯಾಗಲು 12 ವರ್ಷ ಬೇಕಾದರೆ ಕೊನೆಯವನಿಗೆ 3 ಸಾಕು. ಮೃದುವಿನ ಲಕ್ಷಣಗಳ ಪಟ್ಟಿಯಲ್ಲಿ ಉತ್ಸಾಹವಿಲ್ಲದವನು, ಹೊಟ್ಟೆಬಾಕ, ರೋಗಿ ಎಲ್ಲ ಇದ್ದಾರೆ. ಅವರ ನಡುವೆಯೇ ಗುರುವನ್ನು ದೂಷಿಸುವವನೂ ಇದ್ದಾನೆ, ಪರಾಧೀನನೂ ಇದ್ದಾನೆ. ಈ ಎರಡರ ಮೇಲೆ ನನ್ನ ಪೆನ್ಸಿಲು ನಿಂತಿತು. ಗುರುವನ್ನು ತಪ್ಪು ಹಿಡಿದರೆ ದರ್ಜೆ ಇಳಿಯುತ್ತದೆ. ದರ್ಜೆ ಹಾಕುವವನು ಗುರುವೇ. ಇನ್ನು ಪರಾಧೀನತೆ ಸ್ವಭಾವವೇ? ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರ ಮಾತಿನಂತೆ ಬದುಕಬೇಕಾದವರ ಪರಿಸ್ಥಿತಿಯನ್ನು ಅವರ ಗುಣವೆಂದು ಬರೆದುಕೊಂಡರೆ, ಆ ಪರಿಸ್ಥಿತಿಯನ್ನು ಯಾರೂ ಪ್ರಶ್ನಿಸಬೇಕಿಲ್ಲ. ಗೀತೆಯ 18ನೇ ಅಧ್ಯಾಯ ನಾಲ್ಕು ವರ್ಣಗಳ ಕೆಲಸವನ್ನು ಸ್ವಭಾವದಿಂದ ಹುಟ್ಟಿದ ಗುಣಗಳ ಮೇಲೆ ಹಂಚುವಾಗ ಇದೇ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದು ನಮಗೆ ಗೊತ್ತಿದೆ. ಸ್ವಭಾವ ಎಂಬ ಪದವನ್ನು ನಾನು ಕೈಯಲ್ಲಿ ಹಿಡಿಯುವಾಗಲೆಲ್ಲ ಸ್ವಲ್ಪ ಎಚ್ಚರದಿಂದಲೇ ಹಿಡಿಯುತ್ತೇನೆ.

ಭಾಗವತದ 11ನೇ ಸ್ಕಂಧದಲ್ಲಿ ಕೃಷ್ಣ ಉದ್ಧವನಿಗೆ ಹೇಳುವ ಹಂಚಿಕೆ ಈ ದೃಷ್ಟಿಯಿಂದ ಹೆಚ್ಚು ಉದಾರ. ಬೇಸರ ಬಂದವರಿಗೆ ಜ್ಞಾನ, ಆಸೆ ತೀರದವರಿಗೆ ಕರ್ಮ, ಅತಿ ಬೇಸರವೂ ಅತಿ ಅಂಟೂ ಇಲ್ಲದವರಿಗೆ ಭಕ್ತಿ. ಇದು ಮನುಷ್ಯರ ವರ್ಗೀಕರಣವಲ್ಲ, ಸ್ಥಿತಿಗಳದ್ದು. ಬೇಸರ ಹುಟ್ಟುವ ತನಕ ಕರ್ಮ ಮಾಡು ಎಂದು ಅಲ್ಲೇ ಗಡಿಯನ್ನೂ ಹಾಕಿದೆ. ನಿನ್ನೆ ಕರ್ಮಕ್ಕೆ ಸೇರಿದವಳು ನಾಳೆ ಬೇರೆ ಕಡೆ ಹೋಗಬಹುದು. ವಿವೇಕಾನಂದರೂ ನಾಲ್ಕನ್ನು ನಾಲ್ಕು ಖಾನೆಯಾಗಿ ಬಿಟ್ಟವರಲ್ಲ. ರಾಮಕೃಷ್ಣ ಮಿಷನ್ನಿಗೆ ಅವರೇ ರಚಿಸಿಕೊಟ್ಟ ಲಾಂಛನದಲ್ಲಿ ಅಲೆ ಕರ್ಮ, ಕಮಲ ಭಕ್ತಿ, ಉದಯಿಸುವ ಸೂರ್ಯ ಜ್ಞಾನ, ಸುತ್ತುವರಿದ ಹಾವು ಯೋಗ. ನಾಲ್ಕೂ ಸೇರಿದ ನಡುವೆ ಹಂಸ. ಆದರೆ ಲಾಂಛನ ಭಾಷಣ ಸ್ಪರ್ಧೆಗೆ ಬರುವುದಿಲ್ಲ, ಖಾನೆಗಳು ಬರುತ್ತವೆ.

ರಾಮಕೃಷ್ಣರ ಒಂದು ಪ್ರಸಿದ್ಧ ಹೋಲಿಕೆಯಿದೆ: ತಾಯಿ ಒಂದೇ ಮೀನನ್ನು ಮಕ್ಕಳ ಹೊಟ್ಟೆಗೆ ತಕ್ಕಂತೆ ಬೇರೆ ಬೇರೆಯಾಗಿ ಅಡುಗೆ ಮಾಡುತ್ತಾಳೆ, ಜೀರ್ಣಶಕ್ತಿ ಇಲ್ಲದವನಿಗೆ ತೆಳು ಸಾರು. ಒಳ್ಳೆಯ ಹೋಲಿಕೆ. ಆ ತಾಯಿಯ ಹೊಟ್ಟೆಗೆ ಯಾವುದು ಹಿಡಿಸುತ್ತದೆ ಎಂದು ಮಾತ್ರ ಅದರಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಊರಿನಲ್ಲಿ ಅಮ್ಮನಿಗೆ ಎರಡು ಹಸು, ಹಾಸಿಗೆ ಹಿಡಿದಿರುವ ಅಜ್ಜಿ, ಬಂದು ಹೋಗುವ ನೆಂಟರು. ಬಂದವರೆಲ್ಲ ಹೊರಡುವಾಗ ನನಗೆ ಹೇಳುತ್ತಿದ್ದ ಮಾತು ಒಂದೇ: “ನಿಮ್ಮಮ್ಮ ಕರ್ಮಯೋಗಿ ಕಣಮ್ಮ.” ಗೌರವದಿಂದಲೇ ಹೇಳುತ್ತಿದ್ದರು. ಆದರೆ ಕರ್ಮಯೋಗವೆಂದರೆ ಫಲವನ್ನು ಬಿಡುವುದು. ಬಿಡಬೇಕಾದರೆ ಮೊದಲು ಫಲದ ಮೇಲೆ ಹಕ್ಕಿರಬೇಕು, ಬೇಡ ಎನ್ನುವ ಅವಕಾಶ ಇರಬೇಕು. ಅದಿಲ್ಲದ ಕಡೆ ಈ ಹೆಸರು ಸಂಬಳದ ಬದಲು ಕೊಡುವ ಹಾರದಂತೆ ಕೆಲಸ ಮಾಡುತ್ತದೆ. ಕಳೆದ ವರ್ಷ ಸಮುದಾಯ ಭವನದಲ್ಲಿ ಬೆಳಗಿನ ಯೋಗ ತರಗತಿ ಶುರುವಾದಾಗ ಅಮ್ಮ ಹೋಗುತ್ತೇನೆಂದಳು. “ದಿನಾ ಬಗ್ಗಿ ಏಳೋದೇ ಯೋಗ ಅಲ್ವೇನೆ ನಿನಗೆ?” ಎಂದು ಅಜ್ಜಿ ನಕ್ಕಳಂತೆ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವಳ ಬೆನ್ನು ನೋಡಿ ಎಲ್ಲರೂ ಅದನ್ನೇ ಅವಳ ಸ್ವಭಾವ ಎಂದುಕೊಂಡಿದ್ದರು.

ಅಮ್ಮ ಫೋನಿನಲ್ಲಿ ನನಗೆ ಹೇಳಿದ್ದು ಬೇರೆ. “ಆಸನಕ್ಕಲ್ಲ ಕಣೇ ನಾನು ಹೋಗ್ತಿರೋದು. ಕೊನೇಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಮಲಗಿಸ್ತಾರಂತೆ. ಯಾರೂ ಕರೆಯಲ್ವಂತೆ.”

ಈಗ ವಾರಕ್ಕೆ ಮೂರು ದಿನ ಹೋಗುತ್ತಾಳೆ. ಆ ದಿನಗಳಲ್ಲಿ ಹಾಲು ಕರೆಯುವುದು, ಕಾಫಿ ಬೆರೆಸುವುದು ಅಪ್ಪನ ಪಾಲಿಗೆ. ಅವನ ಸ್ವಭಾವಕ್ಕೆ ಇದೆಲ್ಲ ಒಗ್ಗುವುದಿಲ್ಲ ಎಂದು ಅಜ್ಜಿ ಮಲಗಿದಲ್ಲಿಂದಲೇ ಗೊಣಗುತ್ತಾಳೆ.