ಕಲಿಯುವವನ ಕೈಗೆ ಎಂಥ ಮರ?

ಹಾಡ್ತಾ ಹಾಡ್ತಾ ರಾಗ ಎನ್ನುತ್ತೇವೆ. ಗಂಟಲಿನ ಮಟ್ಟಿಗೆ ಆ ಮಾತು ಸತ್ಯವೇ. ಕಲಿಯುವವನ ಅಪಸ್ವರ ಕೇಳುವವರ ಕಿವಿಯನ್ನು ಒಂದು ಗಳಿಗೆ ನೋಯಿಸೀತು, ಆಮೇಲೆ ಅದರ ಗುರುತೂ ಉಳಿಯುವುದಿಲ್ಲ. ವಾದ್ಯ ಮಾಡುವುದನ್ನು ಕಲಿಯುವವನ ತಪ್ಪು ಹಾಗಲ್ಲ. ಗಿಟಾರಿನ ಕತ್ತನ್ನೇ ತೆಗೆದುಕೊಳ್ಳಿ. ಅದನ್ನು ಮಾಡುವುದೆಂದರೆ ಬಹುಪಾಲು ಕೆತ್ತಿ ತೆಗೆಯುವುದೇ; ತೆಗೆದ ಮರ ಮತ್ತೆ ಬಂದು ಕೂರುವುದಿಲ್ಲ. ಕೆಲಸ ಕೆಟ್ಟರೆ ಒಂದು ಹಲಗೆ ಹೋಯಿತು. ಆ ಹಲಗೆ ಬೀಟೆಯದ್ದಾಗಿದ್ದರೆ, ನಮ್ಮ ಅಜ್ಜಂದಿರು ಹುಟ್ಟುವ ಮುಂಚೆ ಘಟ್ಟದಲ್ಲಿ ಮೊಳೆತ ಒಂದು ಮರದ ಪಾಲು ಹೋಯಿತು. ಹಾಗಾದರೆ ಮೊದಲ ಸಲ ಉಳಿ ಹಿಡಿದವನಿಗೆ ಒಳ್ಳೆಯ ಮರವನ್ನು ಕೆಡಿಸುವ ಹಕ್ಕು ಇದೆಯೆ?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ರದ್ದಿ ಮರದಲ್ಲಿ ಕಲಿ, ಕೆಟ್ಟರೆ ಒಲೆಗೆ ಹಾಕು ಎನ್ನುತ್ತದೆ. ಮಾಡುವುದಾದರೆ ಉತ್ತಮವಾದುದರಲ್ಲೇ ಮಾಡು, ಆಗಲೇ ಮನಸ್ಸು ಕೆಲಸದ ಮೇಲೆ ನಿಲ್ಲುತ್ತದೆ ಎನ್ನುವುದು ಎರಡನೆಯದು. ಎರಡನ್ನೂ ಒಪ್ಪುವುದು ನನಗೆ ಕಷ್ಟ. ಎರಡರಲ್ಲಿ ಮೊದಲನೆಯದು ಹೆಚ್ಚು ವಿವೇಕದ ಮಾತಿನಂತೆ ಕೇಳಿಸುತ್ತದೆ, ಹಾಗಾಗಿ ಅದು ಮಾಡುವ ಹಾನಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯೊಂದನ್ನು ತಂದು ಕತ್ತು ಮಾಡಲು ಕೂತವನನ್ನು ನೆನೆಯಿರಿ. ಹಲಗೆಯಲ್ಲಿ ಗಂಟುಗಳಿವೆ, ಗಂಟಿನ ಸುತ್ತ ಎಳೆಗಳು ದಿಕ್ಕು ಬದಲಿಸುತ್ತವೆ. ಉಜ್ಜುಗೊರಡು ಒಂದು ಕಡೆ ನುಣ್ಣಗೆ ಹೋಗುತ್ತದೆ, ಅಂಗೈ ಅಗಲ ದಾಟಿದೊಡನೆ ಎಳೆಯನ್ನು ಕಿತ್ತುಕೊಂಡು ಬರುತ್ತದೆ. ಉಜ್ಜುಗೊರಡಿನ ಅಲಗು ಮೊಂಡಾಯಿತೆ, ಹಿಡಿದ ಕೋನ ತಪ್ಪಿತೆ, ಮರವೇ ಹಾಗೆಯೆ? ಅವನಿಗೆ ಗೊತ್ತಾಗುವುದಿಲ್ಲ, ಗೊತ್ತಾಗಲು ದಾರಿಯೂ ಇಲ್ಲ. ಹಸಿ ಆರದ ಮರ ಬೇರೆ. ಸಂಜೆ ನೇರ ಮಾಡಿಟ್ಟದ್ದು ವಾರ ಕಳೆದ ಮೇಲೆ ತಿರುಚಿಕೊಂಡಿರುತ್ತದೆ, ಅವನು ತನ್ನ ಕೈಯನ್ನು ಬೈದುಕೊಳ್ಳುತ್ತಾನೆ. ಇನ್ನೊಬ್ಬ ತನ್ನ ಕೈ ತಪ್ಪಿದ್ದಕ್ಕೆಲ್ಲ ಮರವನ್ನು ಬೈಯುತ್ತಾನೆ. ಇಬ್ಬರೂ ಒಂದಿಷ್ಟೂ ಮುಂದೆ ಹೋಗಿರುವುದಿಲ್ಲ. ತಪ್ಪಿನಿಂದ ಕಲಿಯುತ್ತೇವೆ ಎನ್ನುವುದು ಅರ್ಧ ಮಾತು. ತಪ್ಪು ತನ್ನದು ಎಂದು ಖಚಿತವಾದಾಗ ಮಾತ್ರ ಅದರಿಂದ ಕಲಿಯುತ್ತೇವೆ. ಹಾಗೆ ಖಚಿತವಾಗಬೇಕಾದರೆ ಮರದ ಕಡೆಯಿಂದ ಗೊಂದಲ ಇರಬಾರದು. ಅನುಭವಿ ಬಡಗಿ ಕೆಟ್ಟ ಮರದಲ್ಲೂ ದಾರಿ ಕಂಡುಕೊಳ್ಳುತ್ತಾನೆ, ಏಕೆಂದರೆ ತನ್ನ ಕೈ ಏನು ಮಾಡುತ್ತದೆಂದು ಅವನಿಗೆ ಗೊತ್ತಿದೆ. ಕಲಿಯುವವನಿಗೆ ಗೊತ್ತಿಲ್ಲದಿರುವುದೇ ಅದು. ಒಳ್ಳೆಯ ಮರ ಬೇಕಾಗಿರುವುದು ಅವನಿಗೇ ಹೆಚ್ಚು.

ಕತ್ತಿನ ಕೆಲಸದಲ್ಲಿ ತಪ್ಪಿನ ಒಡೆತನ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗ ಫ್ರೆಟ್ಟುಗಳದ್ದು, ಎಂದರೆ ಸ್ವರದ ಮೆಟ್ಟಿಲುಗಳದ್ದು. ತಂತಿಯ ಅಳತೆ 650 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಶಾಸ್ತ್ರೀಯ ಗಿಟಾರಿಗೆ ವಾಡಿಕೆಯ ಅಳತೆ ಅದು. ಅದನ್ನು 17.817ರಿಂದ ಭಾಗಿಸಿದರೆ 36.48, ಮೊದಲ ಫ್ರೆಟ್ಟು ತಲೆಯ ಕಡೆಯ ನಟ್ಟಿನಿಂದ ಅಷ್ಟು ದೂರದಲ್ಲಿ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹೋಗಿ ಹನ್ನೆರಡನೆಯ ಫ್ರೆಟ್ಟು ಸರಿಯಾಗಿ ಅರ್ಧದಲ್ಲಿ, 325ರಲ್ಲಿ ಬರುತ್ತದೆ. ಹಿಂದೆ ಈ ಲೆಕ್ಕಕ್ಕೆ 18 ಎಂಬ ಸಂಖ್ಯೆ ಬಳಕೆಯಲ್ಲಿತ್ತು. ಗೆಲಿಲಿಯೋನ ತಂದೆ, ಲ್ಯೂಟ್ ವಾದಕ ವಿಂಚೆನ್ಸೊ ಗೆಲಿಲಿ 1581ರ ತನ್ನ ಗ್ರಂಥದಲ್ಲಿ ಅದನ್ನು ಸಮರ್ಥಿಸಿದ್ದ. ಈಗ ಫ್ರೆಟ್ಟು ಕೂರಿಸಲು ಕೊಯ್ಯುವ ಗರಗಸದ ಗೀರು ಅರ್ಧ ಮಿಲಿಮೀಟರ್ ಜರುಗಿತೆನ್ನಿ. ಒಂದು ಸಪ್ತಕವನ್ನು 1200 ಸೆಂಟುಗಳಾಗಿ ಭಾಗಿಸುವ ಲೆಕ್ಕದಲ್ಲಿ, ಮೊದಲ ಫ್ರೆಟ್ಟಿನಲ್ಲಿ ಆ ತಪ್ಪು ಒಂದೂವರೆ ಸೆಂಟಿನಷ್ಟು, ಹನ್ನೆರಡನೆಯದರಲ್ಲಿ ಎರಡೂವರೆ ದಾಟುತ್ತದೆ. ಪ್ರತಿ ಫ್ರೆಟ್ಟನ್ನೂ ಹಿಂದಿನ ಫ್ರೆಟ್ಟಿನಿಂದ ಅಳೆಯುತ್ತ ಹೋದವನ ತಪ್ಪುಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಎಲ್ಲವನ್ನೂ ನಟ್ಟಿನಿಂದಲೇ ಅಳೆದವನ ತಪ್ಪು ಆಯಾ ಗೀರಿನಲ್ಲೇ ನಿಲ್ಲುತ್ತದೆ. ಇಲ್ಲಿ ಮರದ ಮೇಲೆ ಹೊರಿಸಲು ಏನೂ ಇಲ್ಲ. ಎಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ, ಯಾಕೆ ತಪ್ಪಿದೆ ಎನ್ನುವುದು ಸ್ಕೇಲು ಇಟ್ಟರೆ ಗೊತ್ತಾಗುತ್ತದೆ.

ನಮ್ಮ ವೀಣೆ ಇಲ್ಲಿ ಬೇರೆಯದೇ ಔದಾರ್ಯ ತೋರಿಸಿದೆ. ಅದರ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮರಕ್ಕೆ ಕೊಯ್ದ ಗೀರಿನಲ್ಲಿ ಕೂರುವುದಿಲ್ಲ, ಮೇಣದ ಮೇಲೆ ಕೂರುತ್ತವೆ. ಮೇಳ ಕಟ್ಟುವವನು ಕಿವಿಗೊಟ್ಟು ಮೆಟ್ಟಿಲನ್ನು ಜರುಗಿಸುತ್ತಾನೆ. ಮೇಣ ಹಳತಾಗಿ ಸ್ವರ ತಪ್ಪಿದರೆ ಮತ್ತೆ ಕಾಯಿಸಿ ಹೊಸದಾಗಿ ಮೇಳ ಕಟ್ಟುತ್ತಾರೆ. ತಪ್ಪನ್ನು ವಾಪಸು ತೆಗೆದುಕೊಳ್ಳುವ ಅವಕಾಶ ವಾದ್ಯದ ರಚನೆಯಲ್ಲೇ ಇದೆ. ಗಿಟಾರು ಅದನ್ನು ಕೊಡುವುದಿಲ್ಲ. ತಪ್ಪಿದ ಗೀರಿಗೆ ಮರದ ಪುಡಿ, ಅಂಟು ತುಂಬಿ ಪಕ್ಕದಲ್ಲಿ ಮತ್ತೆ ಕೊಯ್ಯಬಹುದು, ಗುರುತು ಹೋಗುವುದಿಲ್ಲ.

ಇನ್ನು ಎರಡನೆಯ ಉತ್ತರ, ಮೊದಲಿಗೇ ಉತ್ತಮವಾದುದನ್ನು ಹಿಡಿ ಎನ್ನುವುದು. ಗಿಟಾರಿನವರ ಲೋಕದಲ್ಲಿ ಉತ್ತಮವೆಂದರೆ ಬಹಳ ಕಾಲ ಬ್ರೆಜಿಲಿನ ರೋಸ್‌ವುಡ್. ಆ ದೇಶ ದಿಮ್ಮಿಗಳ ರಫ್ತನ್ನು ಬಿಗಿ ಮಾಡಿದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ, ಎಂದರೆ ನಮ್ಮ ಬೀಟೆಗೆ ಹೊರಳಿತು. 1992ರಲ್ಲಿ ಬ್ರೆಜಿಲಿನ ಮರ, ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿ ಅದರ ವ್ಯಾಪಾರ ಹೆಚ್ಚುಕಡಿಮೆ ನಿಂತಿತು. ಅಲ್ಲಿ ಮುಗಿದ ಆಸೆ ಪಶ್ಚಿಮ ಘಟ್ಟದ ಕಡೆ ತಿರುಗಿತು. 2017ರ ಜನವರಿಯಿಂದ ಬೀಟೆಯ ಕುಲದ ಉಳಿದ ಮರಗಳೆಲ್ಲ ಅದೇ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಮಾಡಿ ಮುಗಿಸಿದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು, ಹಲಗೆಗೆ ಸಿಗಲಿಲ್ಲ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ತನ್ನ ತೋಟದಲ್ಲೇ ನಿಂತ ಬೀಟೆಯನ್ನು ಅನುಮತಿ ಇಲ್ಲದೆ ಕಡಿಯುವಂತಿಲ್ಲ ಎಂಬುದು ಇಲ್ಲಿಯ ಎಲ್ಲ ಬೆಳೆಗಾರರಿಗೂ ಗೊತ್ತು.

ಇಂಥ ಮರವನ್ನು ಮೊದಲ ಕೆಲಸಕ್ಕೆ ಹಿಡಿದವನಿಗೆ ಏನಾಗುತ್ತದೆ? ಗಮನ ಬರುತ್ತದೆ ಎನ್ನುವವರಿದ್ದಾರೆ. ನಾನು ಕಂಡಂತೆ ಬರುವುದು ಭಯ, ಮತ್ತು ಭಯ ಕತ್ತಿನ ದಪ್ಪದಲ್ಲಿ ಅಚ್ಚಾಗಿ ಉಳಿಯುತ್ತದೆ. ಮೊದಲ ಕತ್ತುಗಳು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ದಪ್ಪಗಿರುತ್ತವೆ. ಇನ್ನೊಂದು ಸಲ ಅರ ಹಾಕಿದರೆ ಸರಿಹೋಗಬಹುದು, ಆದರೆ ತಪ್ಪಿದರೆ? ಕೈ ನಿಂತುಬಿಡುತ್ತದೆ. ಹೆಬ್ಬೆರಳಿನ ಬುಡಕ್ಕೆ ಹಿಂಬದಿಯ ದುಂಡು ಒತ್ತುತ್ತಿದೆ ಎಂದು ಅಂಗೈ ಹೇಳುತ್ತಲೇ ಇರುತ್ತದೆ, ಮಾಡಿದವನು ಉಪ್ಪುಕಾಗದ ಹಿಡಿದು ಮೇಲ್ಮೈಯನ್ನು ಮಾತ್ರ ಹೊಳೆಯಿಸುತ್ತಾನೆ. ದಪ್ಪ ಎಷ್ಟಿರಬೇಕೆಂದು ಅವನು ಕಲಿಯಲಿಲ್ಲ. ತನಗೆ ಎಲ್ಲಿ ಭಯವಾಗುತ್ತದೆ ಎಂಬುದನ್ನಷ್ಟೇ ಕಲಿತ.

ಮರ ಹೇಗೂ ಕಡಿದಾಗಿದೆ, ಡಿಪೋದಲ್ಲಿ ಬಿದ್ದಿದೆ, ನನ್ನ ಒಂದು ಹಲಗೆಯಿಂದ ಯಾವ ಕಾಡು ಉಳಿಯುತ್ತದೆ ಎಂದು ಕೇಳುವವರಿದ್ದಾರೆ. ಒಂದು ಹಲಗೆಯಿಂದ ಕಾಡು ಉಳಿಯುವುದಿಲ್ಲ, ನಿಜ. ಆದರೆ ಕೊಳ್ಳುವವರ ರುಚಿಯಿಂದ ಕಾಡು ಅಳಿಯಬಹುದು ಎನ್ನುವುದಕ್ಕೆ ಕ್ಯಾಮೆರೂನಿನ ಎಬೊನಿ ಸಾಕ್ಷಿ. ಫಿಂಗರ್‌ಬೋರ್ಡು, ಎಂದರೆ ಕತ್ತಿನ ಮೇಲೆ ಬೆರಳು ಒತ್ತುವ ಪಟ್ಟಿ, ಪೂರ್ತಿ ಕಪ್ಪಗಿರಬೇಕು ಎಂಬುದು ವಾದ್ಯದವರ ಹಳೆಯ ಹಟ. 2011ರಲ್ಲಿ ಅಲ್ಲಿಯ ಎಬೊನಿ ಮಿಲ್ಲೊಂದನ್ನು ಸ್ಪೇನಿನ ಕಂಪನಿಯೊಂದರ ಜೊತೆ ಕೊಂಡ ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ ಆಮೇಲೆ ಬಹಿರಂಗವಾಗಿ ಹೇಳಿದ್ದು ಇದು: ಕಡಿದ ಹತ್ತು ಮರಗಳಲ್ಲಿ ಒಳಗೆ ಪೂರ್ತಿ ಕಪ್ಪಾಗಿರುತ್ತಿದ್ದುದು ಒಂದು, ಬೂದು ಪಟ್ಟೆ ಇದ್ದ ಉಳಿದವು ಕಾಡಿನಲ್ಲೇ ಬಿದ್ದಿರುತ್ತಿದ್ದವು. ಪಟ್ಟೆ ಇರುವ ಮರದ ನಾದಕ್ಕೆ ಯಾವ ಕುಂದೂ ಇರಲಿಲ್ಲ. ಕೊಳ್ಳುವವರಿಗೆ ಬಣ್ಣ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಮರಗಳು ಸತ್ತವು. ಆ ರುಚಿ ಎಲ್ಲಿ ರೂಢಿಯಾಗುತ್ತದೆ? ಮೊದಲ ಕೆಲಸದಲ್ಲಿ. ಬೀಟೆ ಇಲ್ಲದೆ ಗಿಟಾರಿಲ್ಲ ಎಂದು ಮೊದಲ ದಿನವೇ ಮನಸ್ಸಿಗೆ ಹೊಕ್ಕರೆ ಮುಂದೆ ಅದು ಹೋಗುವುದು ಕಷ್ಟ.

ವಾದ್ಯದ ಇತಿಹಾಸವೇ ಆ ನಂಬಿಕೆಯ ವಿರುದ್ಧ ಇದೆ. ಇಂದಿನ ಗಿಟಾರಿನ ರೂಪಕ್ಕೆ ಬುನಾದಿ ಹಾಕಿದ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದ ಗಿಟಾರೊಂದನ್ನು ಕಟ್ಟಿದ. ನಾದ ಇರುವುದು ಮುಂದಿನ ಹಲಗೆಯಲ್ಲಿ ಎಂದು ತೋರಿಸುವುದು ಅವನ ಉದ್ದೇಶ. ಲಿಯೋ ಫೆಂಡರ್ 1950ರಲ್ಲಿ ಮಾರಾಟಕ್ಕೆ ತಂದ ಎಲೆಕ್ಟ್ರಿಕ್ ಗಿಟಾರುಗಳ ಕತ್ತು ಒಂದೇ ಮೇಪಲ್ ತುಂಡಿನದು, ಫ್ರೆಟ್ಟುಗಳೂ ನೇರ ಅದರ ಮೇಲೇ. ರೋಸ್‌ವುಡ್ ಫಿಂಗರ್‌ಬೋರ್ಡು ಅಲ್ಲಿಗೆ ಬಂದದ್ದು ಆ ದಶಕದ ಕೊನೆಗೆ. ಅಷ್ಟರೊಳಗೆ ಆ ಗಿಟಾರುಗಳಲ್ಲಿ ನುಡಿಸಿದ ಸಂಗೀತದಲ್ಲಿ ಏನಾದರೂ ಕೊರತೆ ಇತ್ತೆಂದು ಯಾರೂ ದೂರಿದ್ದು ನಾನು ಓದಿಲ್ಲ.

ಹಾಗಾದರೆ ಕತ್ತಿಗೆ ಒಳ್ಳೆಯ ಮರ ಯಾವುದು? ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿ ಕೂಡಿ ಸುಮಾರು 70 ಕಿಲೋ ಭಾರದಷ್ಟು ಎಳೆತವನ್ನು ಹಗಲೂ ರಾತ್ರಿ ಹಾಕುತ್ತವೆ. ಒಳಗೆ ಕೂರಿಸುವ ಟ್ರಸ್ ರಾಡು, ಗಿಬ್ಸನ್ ಕಂಪನಿಗೆ 1923ರಲ್ಲಿ ಪೇಟೆಂಟ್ ಸಿಕ್ಕಿದ ಕಬ್ಬಿಣದ ಸರಳು, ಅದಕ್ಕೆ ಎದುರಾಗಿ ನಿಲ್ಲುತ್ತದೆ. ಆದರೂ ಮರ ನೇರವಾಗಿರಲೇಬೇಕು. ಎಳೆಗಳು ಉದ್ದಕ್ಕೂ ನೆಟ್ಟಗೆ ಓಡಿರಬೇಕು, ಗಂಟು ಇರಬಾರದು, ವರ್ಷಗಟ್ಟಲೆ ಒಣಗಿರಬೇಕು. ಇದರಲ್ಲಿ ಅಪರೂಪವಾಗಿರಬೇಕು ಎಂಬ ಗುಣ ಎಲ್ಲೂ ಇಲ್ಲ. ನಮ್ಮಲ್ಲಿ ಈ ಗುಣಗಳೆಲ್ಲ ಕೂಡಿಬರುವ ಮರ ಕೆಡವಿದ ಹಳೆಯ ಮನೆಗಳಲ್ಲಿ ಸಿಗುತ್ತದೆ. ಅಂಥದೊಂದು ತೇಗದ ತೊಲೆಯಿಂದ ಕೊಯ್ಯಿಸಿದ ಪಟ್ಟಿಯಲ್ಲೇ ನಾನು ಕತ್ತಿನ ಕೆಲಸ ಶುರು ಮಾಡಿದ್ದು. ಮೊಳೆ ಇದ್ದ ಕಡೆ ಮರ ಕಪ್ಪಾಗಿತ್ತು, ಆ ಭಾಗ ಬಿಟ್ಟು ಚೇಗಿನಲ್ಲಿ ಗುರುತು ಹಾಕಬೇಕಾಯಿತು. ತೇಗದೊಳಗಿನ ಮರಳಿನಂಥ ಅಂಶಕ್ಕೆ ಉಳಿ ಬೇಗ ಮೊಂಡಾಗುತ್ತದೆ. ಅಂಟು ಹಚ್ಚುವ ಮುಂಚೆ ಥಿನ್ನರಿನಲ್ಲಿ ಒರೆಸದಿದ್ದರೆ ಮರದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಈ ಮೂರೂ ಮುಂಚೆಯೇ ಗೊತ್ತಿರುವ ಗುಣಗಳು. ಮಿಕ್ಕಂತೆ ಆಗುವುದೆಲ್ಲ ಕೈಯದ್ದು.

ತಲೆಯ ಜೋಡಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಹುಪಾಲು ಗಿಟಾರುಗಳ ತಲೆ ಸುಮಾರು ಹದಿನೈದು ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಇಡೀ ಕತ್ತನ್ನು ಒಂದೇ ಮರದಿಂದ ಕೆತ್ತಿದರೆ ಬೇಕಾಗುವುದು ಮೂರು-ನಾಲ್ಕು ಪಟ್ಟು ದಪ್ಪದ ದಿಮ್ಮಿ, ಅದರ ಬಹುಭಾಗ ಚಕ್ಕೆಯಾಗಿ ನೆಲಕ್ಕೆ. ಅಷ್ಟಾಗಿಯೂ ಬಾಗಿದ ತಲೆಯಲ್ಲಿ ಎಳೆಗಳು ಅಡ್ಡ ತುಂಡಾಗಿರುತ್ತವೆ, ಗಿಟಾರು ಬಿದ್ದರೆ ತಲೆ ಅಲ್ಲೇ ಮುರಿಯುತ್ತದೆ. ಇನ್ನೊಂದು ದಾರಿ ಇದೆ. ಇಪ್ಪತ್ತು-ಇಪ್ಪತ್ತೆರಡು ಮಿಲಿಮೀಟರ್ ದಪ್ಪದ ಪಟ್ಟಿಯನ್ನೇ ತೆಗೆದುಕೊಂಡು, ತುದಿಯ ಹತ್ತಿರ ಓರೆಯಾಗಿ ಕೊಯ್ದು, ತುಂಡನ್ನು ಮಗುಚಿ ಅಂಟಿಸುವುದು. ಎರಡು ಓರೆಗಳನ್ನೂ ಮೆಟ್ಟಿಲಿನಂತೆ ಒಂದರ ಮೇಲೊಂದು ಇಟ್ಟು ಒಟ್ಟಿಗೇ ಉಜ್ಜುಗೊರಡು ಹೊಡೆಯುತ್ತಾರೆ. ಕೋನ ಕೊಂಚ ಆಚೀಚೆ ಆದರೂ ಎರಡಕ್ಕೂ ಒಂದೇ ಕೋನ ಬರುತ್ತದೆ. ಕ್ಲ್ಯಾಂಪು ಬಿಗಿಯುವಾಗ ಹಸಿ ಅಂಟಿನ ಮೇಲೆ ತುಂಡು ಜಾರುತ್ತದೆ. ಜಾರದಿರಲೆಂದು ಅಂಟಿಗೆ ಒಂದೆರಡು ಹರಳು ಉಪ್ಪು ಉದುರಿಸುವವರಿದ್ದಾರೆ. ಜೋಡಣೆ ಮುಗಿದಾಗ ತಲೆಯ ಎಳೆಗಳು ತಲೆಯ ಉದ್ದಕ್ಕೇ ಓಡುತ್ತವೆ, ಹಾಗಾಗಿ ಇದು ಒಂದೇ ತುಂಡಿನ ತಲೆಗಿಂತ ಗಟ್ಟಿ. ಬುಡದ ಹಿಮ್ಮಡಿಯನ್ನೂ ಇದೇ ಪಟ್ಟಿಯ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಎಬ್ಬಿಸುತ್ತಾರೆ. ಮರ ಉಳಿಸುವ ಕ್ರಮವೇ ಬಲದ ಕ್ರಮವೂ ಆಗಿರುವುದನ್ನು ಕಣ್ಣಾರೆ ಕಂಡವನಿಗೆ, ಮಿತವ್ಯಯವೆಂದರೆ ಗುಣದಲ್ಲಿ ರಾಜಿ ಎನ್ನುವ ಮಾತು ಮತ್ತೆ ಸುಲಭವಾಗಿ ನಾಲಿಗೆಗೆ ಬರುವುದಿಲ್ಲ.

ಹಕ್ಕಿನ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಕಲಿಯುವವನಿಗೆ ಕೆಡಿಸುವ ಹಕ್ಕು ಖಂಡಿತ ಇದೆ. ಆ ಹಕ್ಕನ್ನು ಕಸಿದುಕೊಂಡರೆ ಈಗಿರುವ ಬಲ್ಲವರ ಜೊತೆಗೇ ವಿದ್ಯೆ ಮುಗಿಯುತ್ತದೆ, ಬೀಟೆಯ ಹಳೆಯ ವಾದ್ಯಗಳನ್ನು ರಿಪೇರಿ ಮಾಡುವ ಕೈಯೂ ಉಳಿಯುವುದಿಲ್ಲ. ಆದರೆ ಆ ಹಕ್ಕಿಗೆ ಒಂದು ಎಲ್ಲೆ ಇದೆ: ಕೆಡಿಸಿದ್ದು ತನ್ನ ಆಯುಸ್ಸಿನೊಳಗೆ ಮತ್ತೆ ಬೆಳೆಯಬಲ್ಲುದೆ? ನಮ್ಮ ವೀಣೆ ಮಾಡುವವರು ಹಿಂದಿನಿಂದಲೂ ಹಿಡಿದ ಮರ ಹಲಸು. ಹಿತ್ತಿಲಲ್ಲಿ ನೆಟ್ಟ ಹಲಸು ನೆಟ್ಟವನ ಕಣ್ಣೆದುರೇ ದಿಮ್ಮಿಯಾಗುತ್ತದೆ, ನಡುವೆ ಹಣ್ಣನ್ನೂ ಕೊಡುತ್ತದೆ. ಅದನ್ನು ಕೆಡಿಸಿದ ಸಾಲವನ್ನು ಒಬ್ಬ ಮನುಷ್ಯ ತೀರಿಸಬಹುದು. ಬೀಟೆಯ ಸಾಲವನ್ನು ಮಾಡಿದವನು ತೀರಿಸಲಾರ, ಅದು ಹುಟ್ಟದವರ ಹೆಸರಿಗೆ ವರ್ಗವಾಗುತ್ತದೆ. ಅಂಥ ಸಾಲ ಮಾಡಲು ಕನಿಷ್ಠ ತನ್ನ ಕೈಯ ಬಗ್ಗೆ ತನಗೆ ಖಾತ್ರಿ ಇರಬೇಕು, ಮೊದಲ ಕತ್ತು ಮಾಡುವವನಿಗೆ ಅದು ಇರಲು ಸಾಧ್ಯವಿಲ್ಲ.

ಈ ಎಲ್ಲೆ ಇಕ್ಕಟ್ಟಿಗೆ ಸಿಗುವ ಸಂದರ್ಭವೂ ಒಂದಿದೆ. ಮಲೆನಾಡಿನ ಕೆಲವು ಮನೆಗಳ ಅಟ್ಟದಲ್ಲಿ ಕಾಲು ಮುರಿದ ಬೀಟೆಯ ಮಂಚವೋ ಬಾಗಿಲ ಪಟ್ಟಿಯೋ ಬಿದ್ದಿರುತ್ತದೆ. ಅದಕ್ಕಾಗಿ ಹೊಸ ಮರ ಕಡಿಯಬೇಕಿಲ್ಲ. ಬಿಟ್ಟರೆ ಗೆದ್ದಲು ತಿನ್ನುತ್ತದೆ. ಆ ಮನೆಯ ಹುಡುಗಿಯೋ ಹುಡುಗನೋ ಮೊದಲ ಕತ್ತಿಗೆ ಅದನ್ನು ಕೇಳಿದರೆ ಏನೆನ್ನುವುದು? ಕಡಿಯದಿದ್ದರೂ ಅದು ಮತ್ತೆ ಸಿಗದ ಮರವೇ, ಹಾಗಾಗಿ ಕತ್ತಿಗೆ ಬೇಡ ಎನ್ನುತ್ತೇನೆ. ಕತ್ತು ತೇಗದ್ದೋ ಹಲಸಿನದ್ದೋ ಆಗಲಿ. ಮಂಚವನ್ನು ಅಟ್ಟದಿಂದ ಇಳಿಸಿ, ಮುರಿದ ಕಾಲಿನಿಂದ ಆರೇಳು ಮಿಲಿಮೀಟರಿನ ಒಂದು ಪಟ್ಟಿ ಕೊಯ್ಯಿಸಿ ಫಿಂಗರ್‌ಬೋರ್ಡು ಮಾಡಲಿ. ಗೀರು ತಪ್ಪಿದರೆ ಅಂಟನ್ನು ಕಾಯಿಸಿ ಪಟ್ಟಿಯನ್ನು ಬಿಡಿಸಬಹುದು, ಕತ್ತು ಉಳಿಯುತ್ತದೆ. ಮಂಚದ ತಲೆಹಲಗೆಗೆ ಗೆದ್ದಲಿನ ಎಣ್ಣೆ ಬಳಿದು ಒಣಗಿದ ಕೋಣೆಯಲ್ಲಿ ಎತ್ತಿಡಲಿ, ಅದೇ ಮನೆಯಲ್ಲಿ ಮುಂದೆ ಕೈ ಪಳಗಿದವರೊಬ್ಬರಿಗೆ ಅದು ಬೇಕಾಗುತ್ತದೆ.